ಮಗ ದೋಹಾದಲ್ಲಿ, ಕೋವಿ ಕೋಣೆಯಲ್ಲಿ

ಊರಿನಿಂದ ಹಿರಿಯರು ಬಂದಾಗ ದೋಹಾದಲ್ಲಿರುವ ನಾವು ಅವರನ್ನು ಕರೆದೊಯ್ಯುವ ಜಾಗಗಳು ಹೆಚ್ಚೂಕಡಿಮೆ ಗೊತ್ತಿರುವವೇ. ಕಾರ್ನಿಷ್, ಸೂಕ್ ವಾಕಿಫ್, ಕತಾರಾ, ರಾಷ್ಟ್ರೀಯ ವಸ್ತುಸಂಗ್ರಹಾಲಯ. ರಜೆಯ ದಿನ ಗೆಳೆಯರ ಕಾರು ಸಿಕ್ಕರೆ ದುಖಾನ್ ಹೆದ್ದಾರಿ ಹಿಡಿದು ಅಲ್ ಸಮ್ರಿಯಾದ ಶೇಖ್ ಫೈಸಲ್ ಬಿನ್ ಖಾಸಿಮ್ ಅಲ್ ಥಾನಿ ಮ್ಯೂಸಿಯಂಗೂ ಹೋಗಿ ಬರುತ್ತೇವೆ. ಹಳೆಯ ಕಾರು, ರತ್ನಗಂಬಳಿ, ಹಸ್ತಪ್ರತಿ, ಆಯುಧ ಎಲ್ಲವೂ ಅಲ್ಲಿವೆ. ಮಕ್ಕಳು ಕಾರುಗಳ ಕಡೆ ಓಡುತ್ತಾರೆ. ಮಲೆನಾಡಿನಿಂದಲೋ ಕೊಡಗಿನಿಂದಲೋ ಬಂದ ಹಿರಿಯರ ಕಾಲು ಮಾತ್ರ ಹಳೆಯ ಬಂದೂಕುಗಳ ಮುಂದೆ ನಿಂತುಬಿಡುತ್ತದೆ.

ಈಚೆಗೆ ಹಾಗೆ ನಿಂತವರು ಮೂಡಿಗೆರೆ ಕಡೆಯ ಒಬ್ಬ ಹಿರಿಯರು. ಸೇನೆಯಲ್ಲಿದ್ದು ನಿವೃತ್ತರಾಗಿ ಈಗ ಮನೆಯ ಕಾಫಿ ತೋಟ ನೋಡಿಕೊಳ್ಳುತ್ತಿದ್ದಾರೆ. ಮಗ ಇಲ್ಲಿ ಒಂದು ಕಂಪನಿಯಲ್ಲಿ ಎ.ಸಿ. ಟೆಕ್ನಿಷಿಯನ್. ಬಂದೂಕು ನೋಡುತ್ತಲೇ ಅವರು ಮಾತಿಗೆ ತೊಡಗಿದರು. ಸೇನೆಯಲ್ಲಿದ್ದಾಗ ಬಂಗಾಳದ ಒಂದು ಪೊಲೀಸ್ ಶಸ್ತ್ರಾಗಾರದಲ್ಲಿ ಸಾಲಾಗಿ ನಿಲ್ಲಿಸಿದ್ದ ಬಂದೂಕುಗಳನ್ನು ಕಂಡರಂತೆ. ದೂರದಿಂದ ನೋಡಿದರೆ ತ್ರೀ ನಾಟ್ ತ್ರೀ. ಹತ್ತಿರ ಹೋಗಿ ನಳಿಗೆಯ ಬಾಯಿ ನೋಡಿದರೆ ಕಿರುಬೆರಳು ತೂರುವಷ್ಟು ಅಗಲ, ಒಳಗೆ ಕನ್ನಡಿಯಂತೆ ನುಣುಪು. "ಹುಲಿಯ ಹಲ್ಲು ಕಿತ್ತು ಬೆಕ್ಕು ಮಾಡಿದ್ದರು ನೋಡಿ" ಎಂದರು. ಅದರ ಹೆಸರು 410 ಮಸ್ಕೆಟ್.

ಈ ಬಂದೂಕಿನ ಕಥೆ ತಿಳಿಯಬೇಕಾದರೆ ಮೊದಲು ಅದರ ಮೂಲಕ್ಕೆ ಹೋಗಬೇಕು. ಬ್ರಿಟಿಷ್ ಸೇನೆಯ ಲೀ-ಎನ್‌ಫೀಲ್ಡ್ ರೈಫಲ್‌ಗೆ ನಮ್ಮವರು ಇಟ್ಟ ಹೆಸರೇ ತ್ರೀ ನಾಟ್ ತ್ರೀ. ನಳಿಗೆಯ ವ್ಯಾಸ .303 ಇಂಚು, ಅಂದರೆ ಸುಮಾರು 7.7 ಮಿಲಿಮೀಟರ್. ನಳಿಗೆಯ ಒಳಗೆ ಸುತ್ತುಸುತ್ತಾಗಿ ಕೊರೆದ ಐದು ಗೆರೆಗಳಿರುತ್ತವೆ. ಗುಂಡು ಈ ಗೆರೆಗಳಿಗೆ ಕಚ್ಚಿಕೊಂಡು ಬುಗುರಿಯಂತೆ ತಿರುಗುತ್ತಾ ಹೊರಬರುವುದರಿಂದಲೇ ಗುರಿ ತಪ್ಪದೆ ದೂರ ಹೋಗುತ್ತದೆ. ಹತ್ತು ತೋಟಾ ಹಿಡಿಯುವ ಮ್ಯಾಗಝಿನ್ ಬೇರೆ. ಕೋಲ್ಕತ್ತದ ಹತ್ತಿರ ಹೂಗ್ಲಿ ನದಿಯ ದಂಡೆಯಲ್ಲಿರುವ ಇಷಾಪುರದ ರೈಫಲ್ ಕಾರ್ಖಾನೆ ಈ ಬಂದೂಕುಗಳನ್ನು ಲಕ್ಷಗಟ್ಟಲೆ ತಯಾರಿಸಿತು. ಎರಡು ಮಹಾಯುದ್ಧಗಳಲ್ಲಿ ನಮ್ಮ ಅಜ್ಜಂದಿರು ಹೆಗಲಿಗೇರಿಸಿದ್ದು ಇದನ್ನೇ.

ಸೇನೆಯಲ್ಲಿ ಸವೆದ ಇಂಥ ರೈಫಲ್‌ಗಳಿಗೆ ಇಷಾಪುರದಲ್ಲಿ ಇನ್ನೊಂದು ಜನ್ಮ ಸಿಗುತ್ತಿತ್ತು. ನಳಿಗೆಯನ್ನು ಕೊರೆದು .410 ಇಂಚಿಗೆ, ಅಂದರೆ ಸುಮಾರು 10.4 ಮಿಲಿಮೀಟರ್‌ಗೆ ಅಗಲಿಸುತ್ತಿದ್ದರು. ಐದು ಗೆರೆಗಳೂ ಆ ಕೊರೆತದಲ್ಲೇ ಅಳಿಸಿಹೋಗುತ್ತಿದ್ದವು. ಮ್ಯಾಗಝಿನ್ ಕಿತ್ತು ಆ ಜಾಗಕ್ಕೆ ಮರದ ತುಂಡೊಂದನ್ನು ಬಡಿದು ಕೂರಿಸುತ್ತಿದ್ದರು. ಅಲ್ಲಿಗೆ ಹತ್ತು ಗುಂಡಿನ ರೈಫಲ್ ಒಂದೇ ಗುಂಡಿನ ನುಣುಪು ನಳಿಗೆಯ ಕೋವಿಯಾಯಿತು. ಪ್ರತಿ ಈಡಿಗೂ ಬೋಲ್ಟ್ ಎಳೆದು, ಖಾಲಿ ತೋಟಾ ಉದುರಿಸಿ, ಇನ್ನೊಂದನ್ನು ಕೈಯಿಂದಲೇ ತುಂಬಬೇಕು.

ಇದರಲ್ಲಿ ಒಂದು ಜಾಣತನವೂ ಇತ್ತು. .303ರ ಹಿತ್ತಾಳೆ ತೋಟಾಕ್ಕೆ ಬುಡ ದಪ್ಪ, ಕತ್ತು ಸಣ್ಣ. ಕತ್ತು ಕಿರಿದಾಗಿಸದೆ ನೇರವಾಗಿ ಬಿಟ್ಟರೆ ಅದರ ಬಾಯಿಗೆ .410ರ ಗುಂಡು ಸರಿಯಾಗಿ ಕೂರುತ್ತದೆ. ಬುಡ ಹಳೆಯದೇ ಆದ್ದರಿಂದ ಬೋಲ್ಟ್, ತೋಟಾ ಎಳೆಯುವ ಕೊಕ್ಕೆ ಯಾವುದನ್ನೂ ಬದಲಿಸಬೇಕಿಲ್ಲ. ಹೊಸ ಬಂದೂಕಿನ ಖರ್ಚಿಲ್ಲದೆ ಪೊಲೀಸ್ ಪೇದೆಗೆ, ಜೈಲಿನ ಕಾವಲುಗಾರನಿಗೆ ಒಂದು ಕೋವಿ ಸಿಕ್ಕಿತು.

ಇದು ಉಳಿತಾಯದ ಲೆಕ್ಕವಷ್ಟೇ ಆಗಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಅದರ ಹಿಂದೆ 1857ರ ಭಯವಿತ್ತು. ಸಿಪಾಯಿಗಳು ತಿರುಗಿಬಿದ್ದ ಆ ವರ್ಷದ ನಂತರ ಬ್ರಿಟಿಷರು ಒಂದು ಅಲಿಖಿತ ಪಾಠ ಕಲಿತರು. ಭಾರತೀಯನ ಕೈಯಲ್ಲಿರುವ ಬಂದೂಕು ಬಿಳಿಯ ಸೈನಿಕನ ಕೈಯಲ್ಲಿರುವುದಕ್ಕಿಂತ ಒಂದು ತಲೆಮಾರು ಹಿಂದಿರಬೇಕು. ಅವರು ಮಾರ್ಟಿನಿ ಹಿಡಿದಾಗ ನಮ್ಮವರಿಗೆ ಸ್ನೈಡರ್. ಆ ಸ್ನೈಡರ್, ಮಾರ್ಟಿನಿಗಳ ನಳಿಗೆಯನ್ನೂ ನುಣುಪು ಮಾಡಿ ಪೊಲೀಸರಿಗೆ ಕೊಟ್ಟದ್ದುಂಟು. ಅದೇ ಸಾಲಿನ ಕೊನೆಯ ಕೂಸು 410. ಮೂವತ್ತು ನಲವತ್ತು ಗಜ ದೂರದ ಗುಂಪನ್ನು ಬೆದರಿಸಲು ಅದರ ಚರೆ ಸಾಕು. ಆದರೆ ಪೇದೆಯೇ ತಿರುಗಿ ನಿಂತರೆ, ಅಥವಾ ಬಂದೂಕು ಕಳುವಾದರೆ, ಒಂದೇ ಈಡಿನ ಆ ಕೋವಿ ರೈಫಲ್ ಹಿಡಿದ ಪಡೆಯ ಮುಂದೆ ನಿಲ್ಲಲಾರದು. ಕಾವಲು ಕೆಲಸಕ್ಕೆ ಬೇಕು, ನಂಬಿಕೆಗೆ ಬೇಡ ಎಂಬ ಲೆಕ್ಕವನ್ನು ಉಕ್ಕಿನಲ್ಲಿ ಕೊರೆದಂತಿದೆ ಇದು. ಬೇಸರದ ಸಂಗತಿ ಎಂದರೆ, ಕೊರೆದವರು ಹೋದ ಮೇಲೂ ಸ್ವತಂತ್ರ ಭಾರತದ ಎಷ್ಟೋ ಪೇದೆಗಳು ದಶಕಗಟ್ಟಲೆ ಅದನ್ನೇ ಹೊತ್ತು ಪಹರೆ ತಿರುಗಿದರು. ಅದರ ಅಣ್ಣ .303ಗೆ ಉತ್ತರ ಪ್ರದೇಶದ ಪೊಲೀಸರು ಅಧಿಕೃತ ವಿದಾಯ ಹೇಳಿದ್ದೇ 2020ರ ಗಣರಾಜ್ಯೋತ್ಸವದಂದು.

ಸೇನೆಯ ಹಳೆಯ ರೈಫಲ್ ಅನ್ನು ಚರೆ ಕೋವಿ ಮಾಡುವುದು ಭಾರತದಲ್ಲಷ್ಟೇ ನಡೆದದ್ದಲ್ಲ. ಫ್ರಾನ್ಸಿನ ಹಳೆಯ ಸೇನಾ ಬಂದೂಕುಗಳನ್ನು 12 ಬೋರ್ ಮಾಡಿ 'ಜುಲು' ಎಂಬ ಹೆಸರಿನಲ್ಲಿ ಅಮೆರಿಕದ ರೈತರಿಗೆ ಅಗ್ಗದಲ್ಲಿ ಮಾರಿದರು. ಮೊದಲ ಮಹಾಯುದ್ಧದ ನಂತರ ಜರ್ಮನಿಯಲ್ಲಿ ಮೌಸರ್ ರೈಫಲ್‌ಗಳು 'ಗೇಹಾ', 'ರೆಮೋ' ಹೆಸರಿನ ಬೇಟೆ ಕೋವಿಗಳಾದವು. ಅಲ್ಲಿ ಅದು ಯುದ್ಧ ಮುಗಿದ ಮೇಲಿನ ಗುಜರಿ ವ್ಯಾಪಾರ.

ನಾವು ನಿಂತಿದ್ದ ನೆಲಕ್ಕೂ ಈ ಭಯದ ನಂಟಿದೆ. ದುಖಾನ್ ಹೆದ್ದಾರಿಯಲ್ಲಿ ಬರುವಾಗ ಸಿಗುವ ಅಲ್ ವಜ್ಬಾದಲ್ಲೇ 1893ರ ಮಾರ್ಚ್‌ನಲ್ಲಿ ಶೇಖ್ ಜಾಸಿಮ್ ಬಿನ್ ಮೊಹಮ್ಮದ್ ಅಲ್ ಥಾನಿ ಅವರ ಪಡೆ ಒಟ್ಟೊಮನ್ ತುರ್ಕರನ್ನು ಸೋಲಿಸಿತು. ಆ ಕಾಲದಲ್ಲಿ ಮಸ್ಕತ್ ಬಂದೂಕು ವ್ಯಾಪಾರದ ದೊಡ್ಡ ಪೇಟೆ. ಅಲ್ಲಿಂದ ಸಾಗಿದ ರೈಫಲ್‌ಗಳು ಅಫ್ಘಾನ್ ಗಡಿಯ ಬುಡಕಟ್ಟುಗಳ ಕೈ ಸೇರಿ ಮತ್ತೆ ಬ್ರಿಟಿಷರ ಎದೆಗೇ ಗುರಿಯಿಡುತ್ತಿದ್ದವು. ಅದಕ್ಕೇ 1912ರಲ್ಲಿ ಮಸ್ಕತ್‌ನಲ್ಲಿ ಸರ್ಕಾರಿ ಬಂದೂಕು ಉಗ್ರಾಣ ಮಾಡಿಸಿ ವ್ಯಾಪಾರಕ್ಕೆ ಬೀಗ ಹಾಕಿಸಿದರು. 1915ರಲ್ಲಿ ತುರ್ಕರು ದೋಹಾ ಬಿಟ್ಟರು. ಮರುವರ್ಷ ನವೆಂಬರ್ 3ರಂದು ಶೇಖ್ ಅಬ್ದುಲ್ಲಾ ಬಿನ್ ಜಾಸಿಮ್ ಮತ್ತು ಬ್ರಿಟನ್ ನಡುವೆ ಆದ ಒಪ್ಪಂದದಲ್ಲಿ ಬಂದೂಕಿಗೆಂದೇ ಒಂದು ಕಲಮು ಬಂತು: ದೋಹಾ ಬಂದರಿನಲ್ಲಿ ಆಯುಧ ಆಮದು, ಮಾರಾಟ ನಿಷೇಧ. ಶೇಖರು ತಮ್ಮ ಮತ್ತು ತಮ್ಮವರ ಬಳಕೆಗೆ ಬೇಕಾದಷ್ಟನ್ನು ಮಸ್ಕತ್ ಉಗ್ರಾಣದಿಂದ ಅಥವಾ ಬ್ರಿಟಿಷರು ಒಪ್ಪಿದ ಬೇರೆ ಜಾಗದಿಂದ ತರಿಸಿಕೊಳ್ಳಬಹುದು. ಬಂಗಾಳದ ಪೇದೆಯ ರೈಫಲ್‌ನ ಹಲ್ಲು ಕಿತ್ತವರೇ ಕೊಲ್ಲಿಯ ಬಂದರುಗಳಲ್ಲಿ ಬಂದೂಕು ಎಣಿಸುತ್ತಿದ್ದರು. ಅಂದಹಾಗೆ, ಕನ್ನಡದ 'ಬಂದೂಕು' ಎಂಬ ಮಾತಿನ ಬೇರು ಅರಬ್ಬಿಯಲ್ಲಿದೆ. ಇಲ್ಲಿನವರು ಇಂದಿಗೂ 'ಬುಂದುಖಿಯಾ' ಎನ್ನುತ್ತಾರೆ.

ಮ್ಯೂಸಿಯಂನಿಂದ ಹೊರಬಂದು ಕರಕ್ ಚಹಾ ಕುಡಿಯುವಾಗ ಆ ಹಿರಿಯರ ಮನಸ್ಸಿನಲ್ಲಿದ್ದ ಮಾತು ಹೊರಬಿತ್ತು. ಅವರ ಮನೆಯಲ್ಲಿ 12 ಬೋರಿನ ಒಂಟಿ ನಳಿಗೆಯ ತೋಟಾ ಕೋವಿ ಇದೆ. ಅವರ ಅಪ್ಪನ ಕಾಲದ್ದು, ಬೆಳೆ ರಕ್ಷಣೆಯ ಪರವಾನಗಿಯಲ್ಲಿರುವುದು. ಅವರಿಗೀಗ ಎಪ್ಪತ್ತು ದಾಟಿದೆ. ಚುನಾವಣೆ ಘೋಷಣೆಯಾದಾಗಲೆಲ್ಲ ಕೋವಿ ಹೊತ್ತು ಠಾಣೆಗೆ ಒಪ್ಪಿಸಿ, ಫಲಿತಾಂಶ ಬಂದ ಮೇಲೆ ಮತ್ತೆ ಹೊತ್ತು ತರಬೇಕು. "ಮೊದಲು ಹಂದಿಗೆ ಹೆದರುತ್ತಿದ್ದೆ, ಈಗ ನೀತಿ ಸಂಹಿತೆಗೆ" ಎಂದು ನಕ್ಕರು. ಮಲೆನಾಡು, ಕರಾವಳಿಯ ಕೃಷಿಕರ ಬಹುಕಾಲದ ದೂರು ಇದು. ಚುನಾವಣೆಯ ದಿನಾಂಕಕ್ಕೂ ಹಂದಿ, ಮಂಗಗಳ ದಿನಚರಿಗೂ ಸಂಬಂಧವಿಲ್ಲವಲ್ಲ.

ಅವರ ಚಿಂತೆ ಅದಕ್ಕಿಂತ ದೊಡ್ಡದು. ನನ್ನ ನಂತರ ಯಾರು? ಮಗ ದೋಹಾದಲ್ಲಿ ಹದಿನಾಲ್ಕು ವರ್ಷದಿಂದ ಇದ್ದಾನೆ. ತೋಟ ನೋಡುವವಳು ಮಗಳು. ಆದರೆ ಕೋವಿ ಮಗನಿಗೇ ಹೋಗಬೇಕು ಎಂಬುದು ಮನೆಯ ಪದ್ಧತಿ.

ನಮ್ಮಲ್ಲಿ ಈ ಪ್ರಶ್ನೆ ಇರುವ ಕುಟುಂಬಗಳು ಒಂದೆರಡಲ್ಲ. ಅಪ್ಪ ತೀರಿಕೊಂಡಾಗ ಹದಿನೈದು ದಿನದ ತುರ್ತು ರಜೆಯಲ್ಲಿ ಓಡುತ್ತೇವೆ. ಜಮೀನಿನ ಪಹಣಿ, ಬ್ಯಾಂಕ್ ಪಾಸ್‌ಬುಕ್ ಎಲ್ಲ ನೆನಪಾಗುತ್ತವೆ. ಕೋಣೆಯ ಮೂಲೆಯಲ್ಲಿರುವ ಕೋವಿ ಯಾರಿಗೂ ನೆನಪಾಗುವುದಿಲ್ಲ. ಪರವಾನಗಿ ಎಂಬುದು ಮನೆಗೆ ಕೊಟ್ಟದ್ದಲ್ಲ, ಒಬ್ಬ ವ್ಯಕ್ತಿಗೆ ಕೊಟ್ಟದ್ದು. ಆ ವ್ಯಕ್ತಿ ತೀರಿಕೊಂಡ ದಿನದಿಂದ ಅಮ್ಮನ ಬಳಿ ಉಳಿದಿರುವುದು ಪರವಾನಗಿ ಇಲ್ಲದ ಕೋವಿ.

ಕಾನೂನು ಇದಕ್ಕೆ ದಾರಿ ಇಟ್ಟಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಮಿನ ಪ್ರಕಾರ ಇಂಥ ಕೋವಿಯನ್ನು ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲೋ ಪರವಾನಗಿ ಇರುವ ಬಂದೂಕು ವ್ಯಾಪಾರಿಯ ಬಳಿಯೋ ಠೇವಣಿ ಇಟ್ಟು ರಸೀದಿ ಪಡೆಯಬೇಕು. ಠೇವಣಿ ಇಟ್ಟರೆ ಕೋವಿ ಹೋಯಿತೆಂದಲ್ಲ. ವಾರಸುದಾರರು ನಿಗದಿತ ಅವಧಿಯೊಳಗೆ ಪರವಾನಗಿ ಮಾಡಿಸಿಕೊಂಡು ಬಿಡಿಸಿಕೊಳ್ಳಬಹುದು, ಇಲ್ಲವೇ ಕಾನೂನು ಪ್ರಕಾರ ಮಾರಬಹುದು. ಠಾಣೆಗೆ ಹೋದರೆ ಕೇಸಾಗುತ್ತದೆ ಎಂದು ಹೆದರಿ ಅಟ್ಟದ ಮೇಲೆ ಮುಚ್ಚಿಡುವುದೇ ಕೇಸಿಗೆ ದಾರಿ. 2019ರ ತಿದ್ದುಪಡಿಯ ನಂತರ ಪರವಾನಗಿ ಇಲ್ಲದ ಕೋವಿ ಇಟ್ಟುಕೊಂಡರೆ ಶಿಕ್ಷೆ 2ರಿಂದ 5 ವರ್ಷ.

ಇನ್ನೂ ಒಳ್ಳೆಯ ದಾರಿ ಎಂದರೆ ಅಪ್ಪ ಇರುವಾಗಲೇ ವರ್ಗಾಯಿಸುವುದು. 2016ರ ಶಸ್ತ್ರಾಸ್ತ್ರ ನಿಯಮಗಳ 25ನೇ ನಿಯಮ ಇದಕ್ಕೆಂದೇ ಇದೆ. ಪರವಾನಗಿದಾರರಿಗೆ 70 ವರ್ಷ ತುಂಬಿದರೆ, ಅಥವಾ ಕೋವಿ 25 ವರ್ಷ ಅವರ ಬಳಿ ಇದ್ದರೆ, ಯಾವುದು ಮೊದಲೋ ಅದರಂತೆ, ಅವರು ಹೆಸರಿಸಿದ ವಾರಸುದಾರರಿಗೆ ಪರವಾನಗಿ ಕೊಡಲು ಅವಕಾಶವಿದೆ. ವಾರಸುದಾರ ಎಂದರೆ ಮಗ ಮಾತ್ರ ಅಲ್ಲ, ಮಗಳೂ ಹೌದು. ಅರ್ಜಿಯ ಜೊತೆ ಉಳಿದ ವಾರಸುದಾರರ ಒಪ್ಪಿಗೆ ಪತ್ರ ಕೇಳುತ್ತಾರೆ. ಇಲ್ಲಿರುವವರು ಆ ಪತ್ರವನ್ನು ದೋಹಾದ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿ ಕಳಿಸಬಹುದು.

ನಮ್ಮ ಅಭಿಪ್ರಾಯ ಕೇಳಿದ್ದಕ್ಕೆ ಹೇಳಿದೆವು: ತೋಟದಲ್ಲಿ ಯಾರು ಇದ್ದಾರೋ ಕೋವಿ ಅವರ ಹೆಸರಿನಲ್ಲಿರಲಿ. ವರ್ಷಕ್ಕೊಮ್ಮೆ ಬರುವವನ ಹೆಸರಿನ ಕೋವಿ ಉಳಿದ ಹನ್ನೊಂದು ತಿಂಗಳು ಯಾರ ಕೈಯಲ್ಲಿರಬೇಕು? ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಮಗನೇ ಮೊದಲು ಬಾಯಿಬಿಟ್ಟ. "ತಂಗಿ ಹೆಸರಿಗೇ ಮಾಡ್ಸಿ ಅಪ್ಪಾ, ಒಪ್ಪಿಗೆ ಪತ್ರ ನಾನು ಕೊಡ್ತೀನಿ. ನಾನು ಬಂದ್ರೂ ಕೋವಿ ಹಿಡಿಯೋಕೆ ಬರಲ್ಲ, ಅವಳಿಗೆ ಬರುತ್ತೆ." ಹಿರಿಯರು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ರಾಯಭಾರ ಕಚೇರಿ ಎಷ್ಟು ಗಂಟೆಗೆ ತೆರೆಯುತ್ತದೆ ಎಂದು ಮಾತ್ರ ವಿಚಾರಿಸಿದರು.

ಪರವಾನಗಿ ಪುಸ್ತಕವನ್ನೊಮ್ಮೆ ತೆಗೆದು ನೋಡುವಂತೆ ಊರಿನವರಿಗೆ ಹೇಳಿ. ಅದರಲ್ಲಿರುವ ಬೋರ್, ತಯಾರಕರ ಹೆಸರು, ಸಂಖ್ಯೆ ಕೋವಿಯ ಮೇಲೆ ಕೆತ್ತಿರುವುದಕ್ಕೆ ಹೊಂದುತ್ತದೆಯೇ? ನವೀಕರಣದ ಅವಧಿ ಈಗ 5 ವರ್ಷ. ಹಿಂದೆ 3 ಇತ್ತು. ಒಬ್ಬರ ಹೆಸರಿನಲ್ಲಿ ಮೂರು ಕೋವಿ ಇರಬಹುದಾಗಿದ್ದದ್ದು 2019ರ ತಿದ್ದುಪಡಿಯಿಂದ ಎರಡಕ್ಕೆ ಇಳಿದಿದೆ. ಬೆಳೆ ರಕ್ಷಣೆಯ ಪರವಾನಗಿ ಬೇಟೆಯ ಪರವಾನಗಿ ಅಲ್ಲ ಎಂಬುದೂ ನೆನಪಿರಲಿ, 1972ರ ವನ್ಯಜೀವಿ ಕಾಯ್ದೆ ಬೇರೆಯೇ ಇದೆ.

"ತುಕ್ಕು ಹಿಡಿದ ಹಳೇ ಕೋವಿ, ಅದಕ್ಕೆಂಥ ಲೈಸೆನ್ಸು?" ಎನ್ನುವವರಿದ್ದಾರೆ. ಕಾಯ್ದೆಯ 45ನೇ ಕಲಮು ಹಳೆಯ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಕ್ಕೆ ವಿನಾಯಿತಿ ಕೊಡುವುದು ನಿಜ. ಆದರೆ ರಿಪೇರಿ ಮಾಡಿದರೂ ಅದು ಗುಂಡು ಹಾರಿಸುವಂತಿರಬಾರದು ಎಂಬ ಷರತ್ತಿದೆ. ಸ್ಪ್ರಿಂಗ್ ಬದಲಿಸಿದರೆ ಈಡು ಹೊಡೆಯುವ ಕೋವಿ ನೂರು ವರ್ಷದ್ದಾದರೂ ಕೋವಿಯೇ. ಇನ್ನೊಂದು ಮಾತು. ಅಂದು ಇಷಾಪುರದಲ್ಲಿ ಸರ್ಕಾರವೇ ಮಾಡಿದ ಕೆಲಸವನ್ನು ಇಂದು ಊರಿನ ಲೇತ್ ಅಂಗಡಿಯಲ್ಲಿ ಮಾಡಿಸಿದರೆ ಅಪರಾಧ. ನಳಿಗೆ ಗಿಡ್ಡ ಮಾಡುವುದಕ್ಕೆ ಮೊದಲಿಂದಲೂ ಪರವಾನಗಿ ಬೇಕಿತ್ತು. 2019ರಿಂದ ಒಂದು ವರ್ಗದ ಬಂದೂಕನ್ನು ಇನ್ನೊಂದು ವರ್ಗಕ್ಕೆ ಬದಲಿಸುವುದಕ್ಕೂ ಬೇಕು. ಕಾನೂನು ಬಿಟ್ಟರೂ ಜೀವ ಮುಖ್ಯ. 410 ಮಸ್ಕೆಟ್‌ನ ತೋಟಾ ಕೂರುವ ಗೂಡನ್ನು .303ರ ತೋಟಾದ ಅಳತೆಗೆ ಮಾಡಿದ್ದು. ಅಂಗಡಿಯಲ್ಲಿ ಸಿಗುವ ಇಂದಿನ .410 ತೋಟಾದ ಬುಡ ಅದಕ್ಕಿಂತ ದಪ್ಪ. ಹೆಸರು ಒಂದೇ ಎಂದು ಬಲವಂತವಾಗಿ ತುರುಕಿದರೆ ಮುಖದ ಹತ್ತಿರ ಏನಾದೀತೆಂದು ಹೇಳಬೇಕಿಲ್ಲ.

ನಮ್ಮ ಗುಂಪಿನಲ್ಲಿದ್ದ ವಿರಾಜಪೇಟೆಯ ಗೆಳೆಯ ಇಷ್ಟು ಹೊತ್ತೂ ನಗುತ್ತಾ ಕೇಳುತ್ತಿದ್ದ. ಕೊಡವರ ಲೆಕ್ಕವೇ ಬೇರೆ. 1861ರಲ್ಲಿ, ಊರೂರಿನ ಆಯುಧ ಕಿತ್ತುಕೊಳ್ಳುತ್ತಿದ್ದ ಕಾಲದಲ್ಲೇ, ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ವಿನಾಯಿತಿ ಕೊಟ್ಟರು. ನಮ್ಮ ಕಬ್ಬನ್ ಪಾರ್ಕಿನ ಕಬ್ಬನ್. ಅದೇ ವರ್ಷ ಸ್ವದೇಶಕ್ಕೆ ಹೊರಟವರು ದಾರಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡರು. ಆ ವಿನಾಯಿತಿ ಇಂದಿಗೂ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಉಳಿದಿದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ತಳ್ಳಿಹಾಕಿತು. ಒಂದು ಕಡೆ ಪೇದೆಯ ರೈಫಲ್ ಅನ್ನೂ ನಂಬದವರು, ಇನ್ನೊಂದು ಕಡೆ ಇಡೀ ಸಮುದಾಯಕ್ಕೆ ಕೋವಿ ಬಿಟ್ಟುಕೊಟ್ಟರು. ರಾಜ್ಯಭಾರ ಎಂದರೆ ಹಾಗೆಯೇ, ಬೇಕಾದವರಿಗೊಂದು ತಕ್ಕಡಿ.

ಆದರೆ ವಿನಾಯಿತಿ ಎಂದರೆ ಕಾಗದವೇ ಬೇಡ ಎಂದಲ್ಲ. ಜಿಲ್ಲಾಧಿಕಾರಿ ಕಚೇರಿಯ ವಿನಾಯಿತಿ ಪತ್ರ ಕೋವಿಯ ಜೊತೆಗಿರಬೇಕು. ಕೊಡಗಿನಿಂದ ಹೊರಗೆ ಒಯ್ಯುವುದಕ್ಕೂ ಮಿತಿಯುಂಟು: 100 ಗುಂಡಿನೊಡನೆ ಒಂದು ರೈಫಲ್, 500 ತೋಟಾದೊಡನೆ ಒಂದು ನುಣುಪು ನಳಿಗೆಯ ಕೋವಿ. ಮತ್ತೆ ಅದೇ ಭೇದ, ಗೆರೆಯ ನಳಿಗೆಗೊಂದು ಲೆಕ್ಕ, ನುಣುಪಿಗೊಂದು ಲೆಕ್ಕ.

ಈ ವಿನಾಯಿತಿ ವಿಮಾನ ಹತ್ತುವುದಿಲ್ಲ ಎಂಬುದನ್ನು ಕೊಡಗಿನವರಿಗೆ ಯಾರೂ ಹೇಳಬೇಕಿಲ್ಲ. ಸೆಪ್ಟೆಂಬರ್‌ನ ಕೈಲ್ ಪೊಳ್ದ್‌ಗೆ ಊರಿನ ಮನೆಯಲ್ಲಿ ಕೋವಿಗೆ ತೋಕ್ ಪೂ ಮುಡಿಸಿ ಪೂಜಿಸುವಾಗ ಗೆಳೆಯ ಇಲ್ಲಿ ವಿಡಿಯೊ ಕರೆಯಲ್ಲಿ ಕೈ ಮುಗಿಯುತ್ತಾನೆ. ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆಯನ್ನೂ ಮೊಬೈಲ್‌ನಲ್ಲೇ ನೋಡುತ್ತಾನೆ. ಕತಾರ್‌ನಲ್ಲಿ ಆಯುಧ, ಮದ್ದುಗುಂಡುಗಳಿಗೆ 1999ರ 14ನೇ ಸಂಖ್ಯೆಯ ಕಾನೂನು ಇದೆ. ಅನುಮತಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ, ತರುವಂತಿಲ್ಲ. ಗುರಿಯ ಹುಚ್ಚಿದ್ದರೆ ನೋಡಿ ಖುಷಿಪಡಲು ಲುಸೈಲ್ ಶೂಟಿಂಗ್ ಸಂಕೀರ್ಣವಿದೆ, 2006ರ ಏಷ್ಯನ್ ಗೇಮ್ಸ್‌ನ ಶೂಟಿಂಗ್ ನಡೆದ ಜಾಗ. ಡಕಾರ್ ರ‍್ಯಾಲಿ ಗೆದ್ದ ನಾಸರ್ ಅಲ್ ಅತ್ತಿಯಾ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ಕೀಟ್ ಕಂಚು ಗೆದ್ದದ್ದು ಚರೆ ಕೋವಿಯಲ್ಲೇ.

ಕೊನೆಯದಾಗಿ ಊರಿನ ಮನೆಯವರಿಗೆ ಒಂದು ಕೋರಿಕೆ. ಮಗನ ಬ್ಯಾಗು ಕಟ್ಟುವಾಗ ಅಟ್ಟದಿಂದ ಇಳಿಸಿದ ಹಳೆಯ ಚೀಲ ಕೊಡಬೇಡಿ. ಕೊಡುವುದಾದರೆ ಪ್ರತಿ ಜೇಬನ್ನೂ ಒಳಹೊರಗು ಮಾಡಿ ಕೊಡವಿ. ತೋಟಕ್ಕೆ ಹೋಗುವಾಗ ಅಪ್ಪ ಹೆಗಲಿಗೆ ಹಾಕುತ್ತಿದ್ದ ಚೀಲದ ಮೂಲೆಯಲ್ಲಿ ಒಂದು ತೋಟಾ ಉಳಿದಿರುವುದು ತೀರಾ ಸಹಜ. ಬೆಂಗಳೂರು, ಮಂಗಳೂರು, ಕಣ್ಣೂರು, ಎಲ್ಲಿಯದೇ ಆಗಲಿ ವಿಮಾನ ನಿಲ್ದಾಣದ ಎಕ್ಸ್‌ರೇ ಅದನ್ನು ಬಿಡುವುದಿಲ್ಲ. ಗೊತ್ತಿಲ್ಲದೆ ಉಳಿದದ್ದು ಅಪರಾಧವಲ್ಲ, ತನ್ನ ಬಳಿ ಇದೆ ಎಂಬ ಅರಿವು ಇರಬೇಕು ಎಂದು ಸುಪ್ರೀಂ ಕೋರ್ಟ್ 1972ರಷ್ಟು ಹಿಂದೆಯೇ ಗುನ್ವಂತ್‌ಲಾಲ್ ಪ್ರಕರಣದಲ್ಲಿ ಹೇಳಿದೆ. ಅದರ ಆಧಾರದ ಮೇಲೆ ದೆಹಲಿ ಹೈಕೋರ್ಟ್ ಇಂಥ ಎಷ್ಟೋ ಪ್ರಕರಣಗಳನ್ನು ರದ್ದು ಮಾಡಿದೆ. ಆದರೆ ಹೈಕೋರ್ಟಿನವರೆಗೆ ಹೋಗುವಷ್ಟರಲ್ಲಿ ವಿಮಾನ ಹೋಗಿರುತ್ತದೆ, ರಜೆ ಮುಗಿದಿರುತ್ತದೆ, ಕೆಲಸವೂ ಉಳಿದಿರುವುದಿಲ್ಲ. ನೆನಪಿಗೆಂದು ಕೀ ಗೊಂಚಲಿಗೆ ಕಟ್ಟಿದ ಖಾಲಿ ತೋಟಾ, ಮದುವೆಯ ಉಡುಪಿನ ಜೊತೆಗೆ ಮಡಿಸಿಟ್ಟ ಪೀಚೆ ಕತ್ತಿ, ಮೊಮ್ಮಗನಿಗೆಂದು ಜಾತ್ರೆಯಲ್ಲಿ ಕೊಂಡ ಆಟದ ಪಿಸ್ತೂಲು, ಇವೂ ಊರಲ್ಲೇ ಇರಲಿ. ಉಪ್ಪಿನಕಾಯಿ, ಕಾಫಿಪುಡಿಗೆ ಅಷ್ಟು ಜಾಗವಾದರೂ ಉಳಿಯುತ್ತದೆ.